ಯಾರೂ ಕೂರದ ಮರಿ

ಬೆಳಗಿನ ಹೊತ್ತು ಶಪ್ಪೀರಾ ಕತ್ತೆಗಳಿಗೆ ಹೊಟ್ಟು ಹಾಕುತ್ತಿದ್ದಾಗ ಆ ನಾಲ್ವರು ಬಂದರು. ದೊಡ್ಡಿಯ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ, ಆದರೂ ಒದ್ದೇ ತೆರೆದರು. ಬೊಗಳುತ್ತ ಮುಂದೆ ಹೋದ ನಾಯಿಯನ್ನು ಒಬ್ಬ ಈಟಿಯಿಂದ ಚುಚ್ಚಿ ಗೋಡೆಗೆ ಒತ್ತಿ ಹಿಡಿದ. ಅದು ಒದ್ದಾಡಿ ಸುಮ್ಮನಾಗುವ ತನಕ ಉಳಿದವರು ಕಾದರು. ಆಮೇಲೆ ಎರಡನೆಯವನು ತನ್ನ ಕೈಯಲ್ಲಿದ್ದ ಹಗ್ಗವನ್ನು ಜಗ್ಗಿದ. ಹಗ್ಗದ ಇನ್ನೊಂದು ತುದಿಯಲ್ಲಿ ಅವಳ ತಮ್ಮ ಮತ್ತನ್ಯ ಇದ್ದ.

ಮೊದಲಿಗೆ ಅವಳಿಗೆ ಗುರುತೇ ಸಿಗಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿಯಿದ್ದ ಕಡೆ ಕಪ್ಪು ಗಡ್ಡೆಯಿತ್ತು. ಬೆನ್ನಿನ ಬಟ್ಟೆ ಚರ್ಮಕ್ಕೆ ಅಂಟಿಕೊಂಡು ಒಣಗಿತ್ತು. ಗಾಣದ ಕಲ್ಲು ಕೆತ್ತಿ ಕೆತ್ತಿ ದಪ್ಪಗಾದ ಬೆರಳುಗಳನ್ನು ನೋಡಿ ಅವನೇ ಎಂದು ತಿಳಿದುಕೊಂಡಳು.

ಆ ನಾಲ್ವರ ನಾಯಕನ ಹೆಸರು ಹಿಲ್ಕೀಯ. ಎಡಗೈಯ ಕಿರುಬೆರಳು ಇರಲಿಲ್ಲ. ಎಲ್ಯಾಕೀಮನ ದಂಡಿಗೆ ಸೇರುವವರು ಧೈರ್ಯ ತೋರಿಸಲು ತಾವೇ ಅದನ್ನು ಕತ್ತರಿಸಿಕೊಳ್ಳುತ್ತಿದ್ದರು.

"ನೋಡಮ್ಮಾ, ನಿನ್ನ ತಮ್ಮನ್ನ ಮೂರು ಸಲ ಕೇಳಿದೆ. ಎಲ್ಯಾಕೀಮನೇ ಅಭಿಷಿಕ್ತ, ದಾವೀದನ ಸಂತಾನ, ನನ್ನರಸ ಅಂತ ಆಣೆ ಇಡು ಅಂದೆ. ಮೂರು ಸಲವೂ, ನಮಗಾಗ್ಲೇ ಅರಸ ಇದ್ದಾನೆ ಅಂದ. ಎಲ್ಲಿದ್ದಾನೋ ಅಂದ್ರೆ, ರೋಮಿನವರು ಮೊಳೆ ಹೊಡೆದು ಕೊಂದರಲ್ಲ, ಆ ನಜರೇತಿನವನಂತೆ!"

"ಅವನಿಗೆ ಹುಚ್ಚು ನಾಯಕರೇ," ಎಂದಳು ಶಪ್ಪೀರಾ. "ಚಿಕ್ಕವನಿದ್ದಾಗ ಗಾಣದ ಮೇಲಿಂದ ಬಿದ್ದಿದ್ದ."

"ಬಿದ್ದಿಲ್ಲ," ಎಂದ ಮತ್ತನ್ಯ, ಆ ಬಾಯಲ್ಲೇ.

ಬೇತ್ ಸೆಲಾ ಎಂಬ ಆ ಬೆಟ್ಟದೂರಿನಲ್ಲಿ ನಜರೇತಿನವನ ಮಂದಿ ಎನಿಸಿಕೊಂಡವರದು ಐದಾರು ಮನೆ. ಅಲ್ಲಿಯತನಕ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ವಾರದ ಏಳನೆಯ ದಿನ ಕೆಲಸ ಬಿಟ್ಟು ಸಬ್ಬತ್ತು ಹಿಡಿಯುತ್ತಿದ್ದರು, ಹಂದಿ ತಿನ್ನುತ್ತಿರಲಿಲ್ಲ, ಮಗನಿಗೆ ಎಂಟನೆಯ ದಿನ ಸುನ್ನತಿ ಮಾಡಿಸುತ್ತಿದ್ದರು, ಮತ್ತೇನು ಬೇಕು? ಆದರೆ ರೋಮಿನವರು ದೇವಾಲಯ ಸುಟ್ಟು ಅರವತ್ತು ವರ್ಷವಾದ ಮೇಲೆ ಅವರ ಮೇಲೆ ಮತ್ತೆ ಯುದ್ಧ ಎದ್ದಿತ್ತು. ಮೂರು ಕಣಿವೆಗಳ ಜನ ಕಮ್ಮಾರ ಎಲ್ಯಾಕೀಮನ ಹಿಂದೆ ನಿಂತಿದ್ದರು. ಈಗ ಅರಸ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ನಡೆಯುತ್ತಿತ್ತು.

"ಕಿರೀಟ ಇಟ್ರು," ಎಂದು ಮತ್ತನ್ಯ ಮುಂದುವರಿಸಿದ. ಯಾರೂ ಕೇಳಿರಲಿಲ್ಲ. "ಕೆಂಪು ನಿಲುವಂಗಿ ಹೊದಿಸಿದ್ರು. ಮುಂದೆ ಮಂಡಿ ಊರಿದ್ರು. ತಲೆ ಮೇಲೆ ಅರಸ ಅಂತ ಬರೆದು, ಊರೆಲ್ಲ ಕಾಣೋ ಹಾಗೆ ಎತ್ತರದಲ್ಲಿಟ್ರು. ಹಳೇ ಅರಸರಿಗೆ ಏನೇನು ಆಗ್ತಿತ್ತೋ ಎಲ್ಲಾ ಆಯ್ತು. ಮಾಡಿದವರು ನಗ್ತಾ ಮಾಡಿದ್ರು, ಅಷ್ಟೇ."

"ಎಣ್ಣೆ?" ಎಂದು ಹಿಲ್ಕೀಯ ಕೇಳಿದ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತೆಂದು ಕಾಣುತ್ತದೆ. "ಎಣ್ಣೆ ಇಲ್ಲದೆ ಅರಸ ಹೆಂಗಾಗ್ತಾನೆ?"

"ಅದನ್ನ ಒಬ್ಬಳು ಹೆಂಗಸು ಮೊದಲೇ ಸುರಿದಿದ್ಲು."

ಹಿಲ್ಕೀಯ ಈಟಿಯ ಹಿಡಿಯಿಂದ ಅವನ ಪಕ್ಕೆಗೆ ಹೊಡೆದ. ಒಳಗೆ ಏನೋ ಲಟಕ್ಕೆಂದದ್ದು ಶಪ್ಪೀರಾಗೂ ಕೇಳಿಸಿತು. ಆಮೇಲೆ ನಾಯಕ ಅವಳ ಕಡೆ ತಿರುಗಿ ಸಂತೆಯಲ್ಲಿ ಮಾತಾಡುವವನ ಹಾಗೆ ಮಾತಾಡಿದ.

ಸಬ್ಬತ್ತು ಕಳೆದ ಮಾರನೆಯ ದಿನ ಎಲ್ಯಾಕೀಮನಿಗೆ ಕೆಳಗಿನ ಬುಗ್ಗೆಯ ಹತ್ತಿರ ಅಭಿಷೇಕ. ಹಿಂದೆ ದಾವೀದನ ಮಗನನ್ನು ತಂದೆಯ ಹೇಸರಗತ್ತೆಯ ಮೇಲೆ ಕೂರಿಸಿ ಬುಗ್ಗೆಗೆ ಕರೆದೊಯ್ದು, ಕೊಂಬಿನಿಂದ ಎಣ್ಣೆ ಸುರಿದು, ಕಹಳೆ ಊದಿ ಮೇಲೆ ತಂದರಲ್ಲ, ಹಾಗೆಯೇ ಆಗಬೇಕು. ಆದರೆ ಬರುವ ಅರಸ ಕತ್ತೆಮರಿಯ ಮೇಲೆ ಬರುತ್ತಾನೆಂದು ಪ್ರವಾದಿಯ ಮಾತಿದೆ. ಆದ್ದರಿಂದ ಮರಿ ಬೇಕು, ಗಂಡು ಬೇಕು, ಅದರ ಮೇಲೆ ಅಲ್ಲಿಯವರೆಗೆ ಯಾರೂ ಕೂತಿರಬಾರದು.

"ಮರಿ ಅವನನ್ನ ಬುಗ್ಗೆಯಿಂದ ಊರ ಬಾಗಿಲ ತನಕ ಹೊತ್ತು ತಂದ್ರೆ, ನಿನ್ನ ತಮ್ಮನ್ನ ಬಿಡ್ತೀನಿ. ಕೆಡವಿದ್ರೆ, ಬಾಗಿಲ ಹತ್ರ ಕಲ್ಲಿನ ಗುಡ್ಡೆ ಹಾಕ್ಸಿರ್ತೀನಿ. ಜನರ ಕೈಗೂ ಕೆಲಸ ಬೇಕಲ್ಲ."

ಶಪ್ಪೀರಾ ಮೂವತ್ತು ವರ್ಷ ಕತ್ತೆ ಸಾಕಿದವಳು. ಗಂಡ ಸತ್ತ ಮೇಲೆ ಒಬ್ಬಳೇ ನಡೆಸಿದವಳು. ಯಾವ ಮರಿ ಏನು ಮಾಡುತ್ತದೆಂದು ಅದರ ಕಿವಿ ನೋಡಿ ಹೇಳುತ್ತಿದ್ದಳು. ಯಾರೂ ಕೂರದ ಮರಿ, ದಪ್ಪನೆಯ ಗಂಡಸು, ಕಿವಿಯ ಪಕ್ಕದಲ್ಲಿ ಕಹಳೆ. ಮೂವತ್ತು ಮಾರು ಹೋಗುವುದರೊಳಗೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬೂದುಬಣ್ಣದ ಮರಿಯ ಹಗ್ಗ ಹಿಡಿದು ಮುಂದೆ ತಂದಳು. ಅದು ಚೆನ್ನಾಗಿ ಪಳಗಿದ್ದು.

"ಇದನ್ನ ತಗೊಳ್ಳಿ. ಕುರಿಯಂಥಾದ್ದು."

"ಯಾರೂ ಕೂತಿಲ್ಲ ತಾನೆ?"

"ಇಲ್ಲ."

"ಅಕ್ಕಾ," ಎಂದ ಮತ್ತನ್ಯ ನೆಲದಿಂದ. "ಕಳೆದ ವಾರ ನಾನೇ ಅದರ ಮೇಲೆ ಕೂತು ಗಾಣಕ್ಕೆ ಹೋಗಿದ್ದೆನಲ್ಲ."

ಆ ಕ್ಷಣದಲ್ಲಿ ಶಪ್ಪೀರಾಗೆ ರೋಮಿನವರ ಮೇಲಾಗಲಿ ಹಿಲ್ಕೀಯನ ಮೇಲಾಗಲಿ ಬಾರದಷ್ಟು ಸಿಟ್ಟು ತಮ್ಮನ ಮೇಲೆ ಬಂತು. ಆಣೆ ಇಡಬೇಡಿ, ಹೌದು ಎಂದರೆ ಹೌದಾಗಿರಲಿ, ಇಲ್ಲ ಎಂದರೆ ಇಲ್ಲವಾಗಿರಲಿ ಎಂದು ಅವರ ಗುರು ಕಲಿಸಿದ್ದನ್ನು ಅವನು ರೊಟ್ಟಿ ತಿಂದಷ್ಟು ಸಹಜವಾಗಿ ಪಾಲಿಸುತ್ತಿದ್ದ. ತನ್ನ ಕುತ್ತಿಗೆ ಉಳಿಸುವ ಸುಳ್ಳನ್ನೂ ಹೇಳಗೊಡುತ್ತಿರಲಿಲ್ಲ.

"ಮುಚ್ಚೋ ಬಾಯಿ! ನಿನ್ನನ್ನ ಯಾರು ಕೇಳಿದ್ರು?"

ಹಿಲ್ಕೀಯ ನಕ್ಕ. ನಗುತ್ತಲೇ ಅವಳ ಕೆನ್ನೆಗೆ ಹೊಡೆದ. ಒಂದು ಹಲ್ಲು ಅಲುಗಾಡಿತು. ಆಮೇಲೆ ದೊಡ್ಡಿಯ ಮೂಲೆಯಲ್ಲಿ ತಾಯಿಯ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ ಕಂದುಮರಿಯನ್ನು ತೋರಿಸಿದ.

"ಅದು?"

ಅವಳು ತಮ್ಮನನ್ನು ನೋಡಿದಳು. ಅವನು ಅವಳನ್ನು ನೋಡಿದ.

"ಅದರ ಮೇಲೆ ನೊಣ ಕೂತಿದೆ, ಅಷ್ಟೇ," ಎಂದಳು. "ಆದ್ರೆ ಕೇಳಿ ನಾಯಕರೇ. ಬೇಕಾದ್ರೆ ಇನ್ನೊಂದು ಹಲ್ಲು ಕೀಳಿ, ಆದ್ರೆ ಕೇಳಿ. ಅದನ್ನ ಒಂದನ್ನೇ ಒಯ್ದರೆ ಕೆಡವುತ್ತೆ. ಮುಂದೆ ತಾಯಿ ನಡೀಬೇಕು. ತಾಯಿ ಬೆನ್ನು ಕಾಣ್ತಿದ್ರೆ ಮರಿ ಬೆಂಕಿಯೊಳಗೂ ಹೋಗುತ್ತೆ."

ಅವಳ ಅಜ್ಜಿ ಹೇಳುತ್ತಿದ್ದ ಕತೆಯಲ್ಲೂ ಹಾಗೇ ಇತ್ತು. ನಜರೇತಿನವನಿಗೆ ಮರಿಯನ್ನು ತರುವಾಗ ತಾಯಿಯನ್ನೂ ಬಿಚ್ಚಿ ತಂದಿದ್ದರಂತೆ. ಓದಿದವರು ಅದರಲ್ಲಿ ಏನೇನೋ ಅರ್ಥ ಹುಡುಕಿದರು. ಕತ್ತೆ ಸಾಕುವವರಿಗೆ ಹುಡುಕುವುದೇನೂ ಇರಲಿಲ್ಲ.

"ಅರಸ ಹೆಣ್ಣುಗತ್ತೆಯ ಬಾಲ ನೋಡ್ಕೊಂಡು ಊರೊಳಗೆ ಬರಬೇಕಾ?" ಎಂದ ಹಿಲ್ಕೀಯ. "ನಿಮ್ಮವನು ಬಂದಿರ್ಬಹುದು. ಅದಕ್ಕೇ ಅವನ ಗತಿ ಹಂಗಾಯ್ತು."

ಮತ್ತನ್ಯನನ್ನು ಎಳೆದುಕೊಂಡು ಹೋದರು. ಮರಿಯ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಲು ಒಬ್ಬನನ್ನು ಬಿಟ್ಟುಹೋದರು.

ಕಾವಲಿಗಿದ್ದವನು ಗೇರ್ಷೋಮ, ಅರವತ್ತು ದಾಟಿದ ಮುದುಕ. ಬೆರಳು ಕತ್ತರಿಸಿಕೊಳ್ಳಲು ಹೋಗಿ ಅರ್ಧಕ್ಕೇ ಕೂಗಿಕೊಂಡು ಬಿಟ್ಟವನಂತೆ. ಆ ಬೆರಳು ಸೊಟ್ಟಗೆ ಗಟ್ಟಿಯಾಗಿತ್ತು. ಶಪ್ಪೀರಾ ಅವನಿಗೆ ಬೇಳೆ ಸಾರು, ರೊಟ್ಟಿ ಕೊಟ್ಟು ಮೆತ್ತಗೆ ಕೇಳಿದಳು:

"ಅಜ್ಜಾ, ನಾನು ಕೂರಲ್ಲ. ಒಂದು ಬಾರ್ಲಿ ಚೀಲ ಇಟ್ಟು ನಾಲ್ಕು ಹೆಜ್ಜೆ ನಡೆಸ್ತೀನಿ. ಚೀಲ ಏನು ಮನುಷ್ಯನಾ?"

"ಚೀಲ ಬೇಡಮ್ಮಾ."

"ಒಂದು ಕಂಬಳಿ?"

"ಅಯ್ಯೋ ಕಂಬಳಿಯಾ! ಪವಿತ್ರಕ್ಕೆ ಅಂತ ಇಟ್ಟ ಕೆಂಪು ಹಸು ಮೇಲೆ ಒಬ್ಬ ಸೆಕೆ ಅಂತ ತನ್ನ ಮೇಲುಹೊದಿಕೆ ತೆಗೆದು ಹಾಕಿದ್ನಂತೆ, ಅಷ್ಟಕ್ಕೇ ಹಸು ಕೆಟ್ಟುಹೋಯ್ತು ಅಂದ್ರು. ದೇವಾಲಯ ಇದ್ದಾಗ ನಮ್ಮಪ್ಪ ಅಲ್ಲೇ ಕಸ ಗುಡಿಸ್ತಿದ್ದ. ನನಗೆ ಗೊತ್ತು."

"ಕತ್ತೆ ಹಸು ಅಲ್ಲ ಅಜ್ಜಾ."

"ಅರಸನೂ ಬಾರ್ಲಿ ಚೀಲ ಅಲ್ಲ."

ಹೀಗೆ ಮೂರು ದಿನ ಹೋಯಿತು. ಅವನು ಒಪ್ಪಿದ್ದು ಒಂದಕ್ಕೇ: ತನ್ನ ಕುರಿಕೊಂಬನ್ನು ಮರಿಯ ಕಿವಿಯ ಹತ್ತಿರ ಊದುವುದಕ್ಕೆ. ಮುದುಕನಿಗೆ ಉಸಿರು ಸಾಲದೆ ಕೊಂಬು ಹೊಟ್ಟೆನೋವು ಬಂದ ಎಮ್ಮೆಯ ಹಾಗೆ ನರಳುತ್ತಿತ್ತು. ತಾಯಿ ಪಕ್ಕದಲ್ಲಿದ್ದರೆ ಮರಿ ಕಿವಿ ಅಲ್ಲಾಡಿಸಿ ಸುಮ್ಮನಿರುತ್ತಿತ್ತು. ತಾಯಿಯನ್ನು ಹೊರಗೆ ಕಟ್ಟಿದರೆ ಗೋಡೆಗೆ ಹಾರುತ್ತಿತ್ತು. ಸಬ್ಬತ್ತಿನ ದಿನ ಊದುವ ಹಾಗಿರಲಿಲ್ಲ. ಆ ದಿನ ಶಪ್ಪೀರಾ ಮರಿಯ ಕುತ್ತಿಗೆ ಕೆರೆಯುತ್ತ ಕೂತು, ಊರ ಬಾಗಿಲ ಕಡೆಯಿಂದ ಬರುತ್ತಿದ್ದ ತಮ್ಮನ ಕೂಗಿಗೆ ಕಿವಿಗೊಟ್ಟಳು. ಸಬ್ಬತ್ತಿನಲ್ಲಿ ಹೊಡೆಯುವ ಹಾಗಿರಲಿಲ್ಲ. ಆದ್ದರಿಂದ ಬಿಸಿಲಿನಲ್ಲಿ ಕಟ್ಟಿಹಾಕಿದ್ದರು.

ಮಾರನೆಯ ದಿನ ಬುಗ್ಗೆಯ ಸುತ್ತ ಮೂರು ಕಣಿವೆಗಳ ಜನ ಸೇರಿದ್ದರು. ಖರ್ಜೂರದ ಗರಿ, ಆಲಿವ್ ಕೊಂಬೆ, ಕತ್ತಿ, ಕುಡುಗೋಲು. ಹಿಂದಿನ ದಂಡಯಾತ್ರೆಯಲ್ಲಿ ಕಡಿದ ಇಬ್ಬರು ರೋಮ್ ಸಿಪಾಯಿಗಳ ತಲೆಗಳನ್ನು ಈಟಿಗೆ ಚುಚ್ಚಿ ಬುಗ್ಗೆಯ ಎರಡೂ ಕಡೆ ನಿಲ್ಲಿಸಿದ್ದರು. ಕಣ್ಣುಗಳನ್ನು ಕಾಗೆ ತಿಂದಿತ್ತು. ನೀರಿಗೆ ಬಂದ ಹೆಂಗಸರು ಅತ್ತ ನೋಡದೆ ಕೊಡ ತುಂಬಿಕೊಳ್ಳುತ್ತಿದ್ದರು.

ಶಪ್ಪೀರಾ ಮರಿಯನ್ನು ತಂದಳು. ತಾಯಿಯನ್ನು ಯಾರಿಗೂ ಹೇಳದೆ ದಾರಿಯ ನಡುವಿನ ಕಣದ ಗೋಡೆಯ ಹಿಂದೆ ಕಟ್ಟಿ ಬಂದಿದ್ದಳು. ಮೇಲೆ ಬಾಗಿಲ ಹತ್ತಿರ ಕಂಬಕ್ಕೆ ಕಟ್ಟಿದ್ದ ತಮ್ಮನೂ ಅವನ ಪಕ್ಕದ ಕಲ್ಲುಗುಡ್ಡೆಯೂ ಬುಗ್ಗೆಯಿಂದಲೇ ಕಾಣುತ್ತಿದ್ದವು.

ಎಲ್ಯಾಕೀಮನನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಭುಜ ಎತ್ತಿನದು, ಮುಖ ನಿದ್ದೆಗೆಟ್ಟ ಮನುಷ್ಯನದು. ಪುರೋಹಿತ ಕೊಂಬನ್ನು ಬಗ್ಗಿಸಿದಾಗ ಎಣ್ಣೆ ಹಣೆಯಿಂದ ಗಡ್ಡಕ್ಕೆ ಇಳಿಯಿತು. ಅವನು ಕಣ್ಣಿಗೆ ಹೋದದ್ದನ್ನು ಹೊರಗೈಯಿಂದ ಒರೆಸಿಕೊಂಡ. ತಲೆಗೆ ತಾನೇ ಬಡಿದು ಮಾಡಿದ ತಾಮ್ರದ ಪಟ್ಟಿ. ಅವನು ಮರಿಯ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ಕೇಳಿದ:

"ಅಮ್ಮಾ, ಇದು ಒದೆಯುತ್ತಾ?"

"ತಾಯಿ ಮುಂದೆ ಇದ್ರೆ ಒದೆಯಲ್ಲ ದಣಿ."

ಎಲ್ಯಾಕೀಮ ಹಿಲ್ಕೀಯನ ಮುಖ ನೋಡಿದ. ಹಿಲ್ಕೀಯ ಬೇಡವೆಂದು ತಲೆಯಾಡಿಸಿದ. ಅರಸನಾದವನು ಅಷ್ಟಕ್ಕೆ ಸುಮ್ಮನಾಗಿ ಮರಿಯ ಮೇಲೆ ಕಾಲು ಹಾಕಿದ.

ಮರಿ ಮೊದಲು ಬಗ್ಗಿತು. ಆಮೇಲೆ ನಾಲ್ಕೂ ಕಾಲು ಅಗಲಿಸಿ ನಡುಗುತ್ತ ನಿಂತಿತು. ಹಿಲ್ಕೀಯ ಹಗ್ಗ ಜಗ್ಗಿದ. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಕಹಳೆಗಳು ಒಟ್ಟಿಗೆ ಕೂಗಿದವು. ಜನ "ಅರಸನಿಗೆ ಜಯ!" ಎಂದು ಕೊಂಬೆಗಳನ್ನು ನೆಲಕ್ಕೆ ಬೀಸಿದರು. ಮರಿಯ ಕಿವಿಗಳು ಹಿಂದಕ್ಕೆ ಮಲಗಿದ್ದನ್ನು ಶಪ್ಪೀರಾ ನೋಡಿದಳು. ಇನ್ನು ಹೆಚ್ಚು ಹೊತ್ತಿರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು. ಕಣದ ಹಿಂದಿನಿಂದ ತಾಯಿಕತ್ತೆಯನ್ನು ಬಿಚ್ಚಿ, ಜನರನ್ನು ಮೊಣಕೈಯಿಂದ ತಳ್ಳುತ್ತ ದಾರಿಯ ನಡುವಿಗೆ ತಂದು ನಿಲ್ಲಿಸಿದಳು.

ಮರಿ ತಾಯಿಯನ್ನು ನೋಡಿತು. ಕಿವಿಗಳು ಎದ್ದವು. ಬೆನ್ನು ಸಡಿಲವಾಯಿತು. ತಾಯಿ ಮುಂದೆ ನಡೆಯಿತು, ಮರಿಯೂ ನಡೆಯಿತು.

"ತೆಗೀಲೇ ಅದನ್ನ!" ಎಂದು ಹಿಲ್ಕೀಯ ಹಲ್ಲು ಕಚ್ಚಿದ.

"ಇರಲಿ ಬಿಡು," ಎಂದ ಎಲ್ಯಾಕೀಮ. ಮರಿಯ ಕುತ್ತಿಗೆಯ ಕೂದಲನ್ನು ಬಿಗಿಹಿಡಿದಿದ್ದ ಅವನ ಕೈ ಸ್ವಲ್ಪ ಸಡಿಲವಾಗಿತ್ತು.

ನಲವತ್ತು ಮಾರು ಹಾಗೇ ಹೋದರು. ಶಪ್ಪೀರಾ ತಾಯಿಕತ್ತೆಯ ಹಗ್ಗ ಹಿಡಿದು, ಮೇಲೆ ಕಂಬಕ್ಕೆ ಕಟ್ಟಿದ್ದ ತಮ್ಮನ ಮೇಲೆ ಕಣ್ಣಿಟ್ಟು ಒಂದೊಂದೇ ಹೆಜ್ಜೆ ಎಣಿಸುತ್ತಿದ್ದಳು. ಇನ್ನು ಅರವತ್ತು. ಇನ್ನು ಐವತ್ತು. ಅಷ್ಟರಲ್ಲಿ ಆಚೆ ಕಣಿವೆಯವನೊಬ್ಬ ಗೋಡೆಯ ಮೇಲಿನಿಂದ ಕೂಗಿದ:

"ನೋಡ್ರೋ, ಅರಸನಿಗೂ ಮುಂಚೆ ಒಬ್ಬಳು ರಾಣಿ ಹೋಗ್ತಿದ್ದಾಳೆ!"

ಅವನ ಪಕ್ಕದವನು ನಕ್ಕ. ಅವನ ಪಕ್ಕದವನೂ ನಕ್ಕ. ತಾಯಿಕತ್ತೆ ಅದೇ ಹೊತ್ತಿಗೆ ಬಾಲವೆತ್ತಿ ಲದ್ದಿ ಹಾಕಿತು. ನಗು ಗೋಡೆಯುದ್ದಕ್ಕೂ ಹರಿಯಿತು. ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡರು. ಶಪ್ಪೀರಾ ಹಿಂತಿರುಗಿ ನೋಡಿದಳು. ಎಣ್ಣೆ ಹಚ್ಚಿದ ಮುಖ ಕುಲುಮೆಯ ಮುಂದೆ ನಿಂತವನ ಮುಖದ ಹಾಗೆ ಕೆಂಪೇರಿತ್ತು. ನಲವತ್ತು ರೋಮನ್ನರನ್ನು ಕೊಂದವನಿಗೆ ಆ ನಗುವನ್ನು ತಡೆದುಕೊಳ್ಳಲಾಗಲಿಲ್ಲ.

"ದಣಿ, ಇನ್ನು ನಲವತ್ತೇ ಹೆಜ್ಜೆ," ಎಂದಳು ಅವಳು. "ನಗಲಿ ಬಿಡಿ. ನಲವತ್ತೇ."

"ಆ ಕತ್ತೆ ತೆಗಿ," ಎಂದ ಎಲ್ಯಾಕೀಮ ಮೆಲ್ಲಗೆ.

ಹಿಲ್ಕೀಯ ಅದಕ್ಕೇ ಕಾದಿದ್ದ. ಕತ್ತಿ ಎಳೆದು ತಾಯಿಕತ್ತೆಯ ಗಂಟಲನ್ನು ಒಂದೇ ಏಟಿಗೆ ಸೀಳಿದ. ರಕ್ತ ಶಪ್ಪೀರಾಳ ಎದೆಗೂ ಮುಖಕ್ಕೂ ಬಿಸಿಯಾಗಿ ಚಿಮ್ಮಿತು. ತಾಯಿ ಮುಂಗಾಲು ಮಡಿಸಿ ಕುಸಿದು, ಕೂಗಲು ಹೋಗಿ, ಸೀಳಿದ ಕಡೆಯಿಂದ ಗಾಳಿ ಬಿಟ್ಟಿತು.

ಮರಿ ನೆಟ್ಟಗೆ ಎದ್ದಿತು. ಎಲ್ಯಾಕೀಮ ಕೂದಲು ಹಿಡಿದ, ಎಣ್ಣೆಗೈ ಜಾರಿತು. ಎರಡನೆಯ ಸಲ ಹಿಂಗಾಲು ಎತ್ತಿದಾಗ ಅವನು ತಲೆಕೆಳಗಾಗಿ ದಾರಿಯ ಮೆಟ್ಟಿಲ ಕಲ್ಲಿನ ಅಂಚಿಗೆ ಬಿದ್ದ. ತಾಮ್ರದ ಪಟ್ಟಿ ಟಣ್ಣೆಂದು ಹಾರಿತು. ಮರಿ ಅವನ ಎದೆಯ ಮೇಲೆ ಕಾಲಿಟ್ಟು ತುಳಿದು, ಜನರನ್ನು ಸೀಳಿಕೊಂಡು ಇಳಿಜಾರಿನಲ್ಲಿ ಓಡಿಹೋಯಿತು. ಅವನು ಏಳಲಿಲ್ಲ. ಕುತ್ತಿಗೆ ಒಂದು ಕಡೆಗೆ, ಯಾರ ಕುತ್ತಿಗೆಯೂ ತಿರುಗದಷ್ಟು ತಿರುಗಿತ್ತು.

ಕಹಳೆಯವನೊಬ್ಬ ನೋಡದೆ ಇನ್ನೂ ಊದುತ್ತಲೇ ಇದ್ದ. ಯಾರೋ ಅವನ ಕೈಯಿಂದ ಕಿತ್ತುಕೊಂಡರು.

ಆಮೇಲೆ ಕೂಗು ಎದ್ದಿತು. ಅರಸನ ಊರಿನವರು, ನಕ್ಕವರ ಮೇಲೆ ಬಿದ್ದರು. ಮೊದಲು ನಕ್ಕವನನ್ನು ಗೋಡೆಯಿಂದ ಎಳೆದು ಕುಡುಗೋಲಿನಿಂದ ಹೊಟ್ಟೆ ಬಗೆದರು. ಆಚೆ ಕಣಿವೆಯವರು ಕತ್ತಿ ಹಿರಿದರು. ರೋಮಿನವರಿಗೆಂದು ಮಸೆದದ್ದೆಲ್ಲ ಅಲ್ಲೇ ಖರ್ಚಾಗತೊಡಗಿತು. ಖರ್ಜೂರದ ಗರಿಗಳ ಮೇಲೆ ಕಾಲು ಜಾರಿ ಬಿದ್ದವರನ್ನು ಬಿದ್ದಲ್ಲೇ ಕಡಿದರು. ಮುದುಕ ಗೇರ್ಷೋಮ ಎರಡೂ ಕೈ ಎತ್ತಿ, "ನಮ್ಮವರೇ ಕಣ್ರೋ, ನಮ್ಮವರೇ!" ಎನ್ನುತ್ತ ನಡುವೆ ಹೋದ. ಯಾರ ಈಟಿಯೋ ಅವನ ಬೆನ್ನಿಂದ ಹೊಕ್ಕು ಮುಂದೆ ಬಂತು. ಆ ತುದಿಯನ್ನು ಅವನು ಆಶ್ಚರ್ಯದಿಂದ ಮುಟ್ಟಿ ನೋಡಿ ಕುಳಿತುಕೊಂಡ.

ಹಿಲ್ಕೀಯ ಮಾತ್ರ ಯಾರ ಜೊತೆಗೂ ಕಾದಾಡಲಿಲ್ಲ. ಅವನು ಬಾಗಿಲ ಕಡೆ ಓಡುತ್ತಿದ್ದ. ಶಪ್ಪೀರಾಗೆ ಅರ್ಥವಾಯಿತು. ಅವಳೂ ಓಡಿದಳು.

ಕಂಬದ ಹತ್ತಿರ ಅವನು ಮೊದಲು ತಲುಪಿದ. "ನಿನ್ನ ಅರಸನ ಮಾಟ ಇದು!" ಎಂದು ಕೂಗಿದ. ಅವನು ಅಳುತ್ತಿದ್ದ; ಅದು ಅವಳಿಗೆ ಆಮೇಲೆ ಎಷ್ಟೋ ದಿನ ನೆನಪಾಗುತ್ತಿತ್ತು. "ನಗುತ್ತಿದ್ದೀಯೇನೋ? ನೀನೂ ನಗುತ್ತಿದ್ದೀಯಾ?"

"ಇಲ್ಲ ಅಣ್ಣಾ," ಎಂದ ಮತ್ತನ್ಯ. "ನಿನ್ನ ಅರಸ ಸತ್ತ ನೋವು ನನಗೆ ಗೊತ್ತು."

ಹಿಲ್ಕೀಯನ ಕತ್ತಿ ಮೇಲೆದ್ದಿತು. ಶಪ್ಪೀರಾ ಕಲ್ಲುಗುಡ್ಡೆಯಿಂದ ರೊಟ್ಟಿಯಗಲದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನಿಂದ ಅವನ ಕಿವಿಯ ಮೇಲೆ ಹೊಡೆದಳು. ಅವನು ಮಂಡಿಯೂರಿದ. ಕತ್ತಿ ಕೈಯಿಂದ ಬಿತ್ತು. ಅವಳ ಕಡೆ ತಿರುಗಿ, ಬೆರಳಿಲ್ಲದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ಅವಳು ಎರಡನೆಯ ಸಲ ಹೊಡೆದಳು. ಎರಡನೆಯದು ಬೇಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನೋಡುತ್ತಿದ್ದ ತಮ್ಮನಿಗೂ ಗೊತ್ತಿತ್ತು.

"ಅಕ್ಕಾ! ಏನು ಮಾಡಿಬಿಟ್ಟೆ?"

"ಹಗ್ಗ ಬಿಚ್ಚಬೇಕು. ಅಲ್ಲಾಡಬೇಡ."

ಹಿಲ್ಕೀಯನ ಕತ್ತಿಯಿಂದಲೇ ಹಗ್ಗ ಕೊಯ್ದಳು. ಮತ್ತನ್ಯನಿಗೆ ನಿಲ್ಲಲಾಗಲಿಲ್ಲ. ಮೂಟೆ ಎತ್ತುವ ಹಾಗೆ ಅವನನ್ನು ಬೆನ್ನಿಗೆ ಹಾಕಿಕೊಂಡು, ಅವನ ಕೈಗಳನ್ನು ತನ್ನ ಕುತ್ತಿಗೆಯ ಮುಂದೆ ಹಿಡಿದು, ಬಾಗಿಲ ಪಕ್ಕದ ಚರಂಡಿಯ ಕಿಂಡಿಯಿಂದ ಬೆಟ್ಟದ ಆಚೆ ಬದಿಗೆ ಹೊರಬಿದ್ದಳು. ಹಿಂದೆ ಕೂಗು ಇನ್ನೂ ನಿಂತಿರಲಿಲ್ಲ. ಯಾರೂ ಇವರನ್ನು ನೋಡಲಿಲ್ಲ. ನೋಡುವವರಿಗೆಲ್ಲ ಬೇರೆ ಕೆಲಸವಿತ್ತು. ಕಾವಲಿನ ಗುಡಿಸಲಿನ ಮೊಳೆಯಲ್ಲಿ ನೀರಿನ ಚರ್ಮದ ಚೀಲವೊಂದು ಜೋತಾಡುತ್ತಿತ್ತು. ಹೋಗುವಾಗ ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಂಡಳು. ಅಲುಗಾಡುತ್ತಿದ್ದ ಹಲ್ಲು ಅಲ್ಲೇ ಉದುರಿತು.

ಮರುಭೂಮಿಯ ಕಡೆ ಇಳಿಯುವ ಬೋಳುದಾರಿಯಲ್ಲಿ ಮಧ್ಯಾಹ್ನದ ತನಕ ನಡೆದಳು. ನೆರಳೆಂದರೆ ಬಂಡೆಗಳದು ಮಾತ್ರ. ಅವನ ಉಸಿರು ಅವಳ ಕಿವಿಯ ಹತ್ತಿರ ಸಿಳ್ಳೆ ಹಾಕುತ್ತಿತ್ತು. ಕೊನೆಗೆ ಒಂದು ಬಂಡೆಯ ಬುಡದಲ್ಲಿ ಅವನನ್ನು ಇಳಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಚೀಲದ ಬಾಯಿ ಬಿಚ್ಚಿ ಅಂಗೈಗೆ ನೀರು ಹೊಯ್ದು ಅವನ ತುಟಿಗೆ ಹಿಡಿದಳು.

ಮತ್ತನ್ಯ ಅಂಗೈ ನೋಡಿದ. ಗೆರೆಗಳಲ್ಲೂ ಉಗುರಿನ ಸಂದಿಯಲ್ಲೂ ರಕ್ತ ಕಪ್ಪಗೆ ಒಣಗಿತ್ತು. ನೀರು ಬಿದ್ದ ಕಡೆ ಅದು ಕೆಂಪಾಗಿ ಬಿಡುತ್ತಿತ್ತು. ಅವನು ಮುಖ ತಿರುಗಿಸಿಕೊಂಡ.

"ಅವನು ಕೈ ಅಡ್ಡ ಹಿಡಿದ ಅಕ್ಕಾ. ನೀನು ನೋಡ್ದೆ."

"ನೋಡ್ದೆ."

"ಮೊದಲು ಕೈ ತೊಳ್ಕೋ."

"ಇರೋದು ಅರ್ಧ ಚೀಲ ನೀರು," ಎಂದಳು ಶಪ್ಪೀರಾ. "ಮುಂದಿನ ಬಾವಿ ನಾಳೆ ಮಧ್ಯಾಹ್ನಕ್ಕೆ. ನೀನು ಹೇಳಿದ ಹಾಗೆ ಮಾಡ್ತೀನಿ. ತೊಳೀಲಾ, ಕುಡಿಸ್ಲಾ?"

ಅವಳು ಅವಸರ ಮಾಡಲಿಲ್ಲ. ಅಂಗೈಯ ನೀರು ಬೆರಳ ಸಂದಿಯಿಂದ ಹನಿಹನಿಯಾಗಿ ಅವನ ಗಡ್ಡದ ಮೇಲೆ ಬೀಳುತ್ತಿತ್ತು. ಅವನ ಒಂದೇ ಕಣ್ಣು ಬಹಳ ಹೊತ್ತು ಅವಳ ಮುಖದ ಮೇಲಿತ್ತು. ಆಮೇಲೆ ಅವನು ಒಡೆದ ಬಾಯಿಯನ್ನು ಆ ಅಂಗೈಯ ಕೆಳಗೆ ತೆರೆದ.